ನ್ಯಾಚೋಸ್‌ಗೆ ದರ್ಜೆ ಹಾಕಿದ ದ್ರಾಕ್ಷಾಯಣತ್ತೆ

ನಮ್ಮ ದ್ರಾಕ್ಷಾಯಣತ್ತೆ ಇದುವರೆಗೆ ಹನ್ನೊಂದು ಬಾರ್‌ಗಳ ಮೆಟ್ಟಿಲು ಹತ್ತಿದ್ದಾಳೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಸಂತೆಗೆ ಹಿಡಿಯೋ ಬಟ್ಟೆ ಚೀಲ. ನಗೋರು ನಗಲಿ, ನನಗೇನು. ಒಂದು ಹನಿ ಮುಟ್ಟಿಲ್ಲ, ಒಂದು ಮೊಟ್ಟೆ ತಿಂದಿಲ್ಲ. ಅವಳು ಹೋಗಿದ್ದು ನ್ಯಾಚೋಸ್ ತಿನ್ನೋಕೆ. ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋಗಿದ್ದು ನಾನು, ಅವಳ ತಮ್ಮನ ಮಗಳು ಇಂಪನಾ. ಬೈಯೋದಿದ್ರೆ ನನ್ನನ್ನ ಬೈಯಿರಿ.

ಕಂದಿಕೆರೆಯಲ್ಲಿ ಹುಟ್ಟಿ, ಹತ್ತೊಂಬತ್ತನೇ ವಯಸ್ಸಿಗೆ ಹಾಲಸ್ವಾಮಿ ಮಾವನ ಕೈ ಹಿಡಿದು ತಿಪಟೂರಿಗೆ ಬಂದವಳು ಅತ್ತೆ. ಶಂಭುಲಿಂಗಯ್ಯನವರ ಕೊಬ್ಬರಿ ಮಂಡಿಯಲ್ಲಿ ಮೂವತ್ತೆರಡು ವರ್ಷ ಕೊಬ್ಬರಿ ವಿಂಗಡಿಸಿದಳು. ರಾಶಿ ಮುಂದೆ ಮಣೆ ಹಾಕಿಕೊಂಡು ಕೂತರೆ ಒಂದೊಂದು ಉಂಡೆಯನ್ನೂ ಕಿವಿ ಹತ್ತಿರ ಅಲ್ಲಾಡಿಸಬೇಕು, ಇನ್ನೊಂದಕ್ಕೆ ತಟ್ಟಿ ಸದ್ದು ಕೇಳಬೇಕು, ಅನುಮಾನ ಬಂದರೆ ಸೀಳಿ ಮೂಸಬೇಕು. ಒಂದನೇ ದರ್ಜೆ ಬಲಕ್ಕೆ, ಎರಡನೇದು ಎಡಕ್ಕೆ, ಒಳಗೆ ಕಮಟು ಹಿಡಿದದ್ದು ಬೆನ್ನ ಹಿಂದಕ್ಕೆ. ಹಿಂದಕ್ಕೆ ಬಿದ್ದದ್ದೆಲ್ಲ ಎಣ್ಣೆ ಮಿಲ್ಲಿಗೆ. ಅತ್ತೆ ನೋಡಿದ ಚೀಲವನ್ನ ಶಂಭುಲಿಂಗಯ್ಯನವರು ಮತ್ತೆ ಬಿಚ್ಚಿಸ್ತಿರಲಿಲ್ಲ.

ಕೊರೋನಾ ಎರಡನೇ ಸಲ ಬಂದಾಗ ಅತ್ತೆಗೂ ಜ್ವರ ಬಂತು. ಜ್ವರ ಹೋಯ್ತು, ಹೋಗ್ತಾ ಮೂಗನ್ನೂ ತಗೊಂಡು ಹೋಯ್ತು. ಊರಲ್ಲಿ ಎಲ್ಲರಿಗೂ ಹದಿನೈದು ದಿನಕ್ಕೆ, ತಿಂಗಳಿಗೆ ವಾಸನೆ ವಾಪಸ್ ಬಂದ್ರೆ ಇವಳಿಗೆ ಬರಲೇ ಇಲ್ಲ. ಯಾರಿಗೂ ಹೇಳದೆ ಬರೀ ಕಿವಿ ನಂಬಿಕೊಂಡು ಮಂಡಿಗೆ ಹೋದಳು. ಒಣಗಿದೆಯೋ ಇಲ್ಲವೋ ಅಂತ ಕಿವಿ ಹೇಳುತ್ತೆ, ಕಮಟು ಹಿಡಿದಿದೆಯೋ ಅಂತ ಮೂಗೇ ಹೇಳಬೇಕು. ಒಂದು ಲೋಡು ಮಾಲು ದೂರದ ಊರಿಗೆ ಹೋಗಿ, ಕಮಟು ಅಂತ ವಾಪಸ್ ಬಂತು. ಶಂಭುಲಿಂಗಯ್ಯನವರು ಫೋನಿನಲ್ಲಿ ಮಾಲು ಕೊಂಡಿದ್ದ ವ್ಯಾಪಾರಿ ಜೊತೆ ಜಗಳಕ್ಕೇ ನಿಂತರಂತೆ: "ಅದು ನಮ್ಮ ದ್ರಾಕ್ಷಾಯಣಿ ನೋಡಿರೋ ಮಾಲು ಕಣ್ರೀ. ದಾರೀಲಿ ಯಾವನೋ ಚೀಲ ಬದಲಾಯ್ಸವ್ನೆ." ಅತ್ತೆ ಅಲ್ಲೇ ರಾಶಿ ಮುಂದೆ ಕೂತು ಕೇಳಿಸಿಕೊಂಡಳು. ಅವರು ಬೈದಿದ್ರೆ ಹೋಗಿರ್ತಿದ್ದಳೇನೋ, ನಂಬಿಬಿಟ್ಟರಲ್ಲ, ಅದು ಅವಳ ಕೈಲಿ ತಡೆಯೋಕಾಗಲಿಲ್ಲ. ಮಾರನೇ ದಿನದಿಂದ ಮಂಡಿನೋವು ಅಂತ ಹೇಳಿ ಮನೆಯಲ್ಲಿ ಕೂತಳು.

ನಿಜ ಗೊತ್ತಿದ್ದದ್ದು ಮಾವನಿಗೆ ಮತ್ತೆ ನನಗೆ. ನಾನು ಲ್ಯಾಬ್ ಟೆಕ್ನಿಷಿಯನ್ ನೋಡಿ, ಒಂದಿನ ಮೆಲ್ಲಗೆ ಬಂದು "ಮೂಗಿಗೂ ಒಂದು ಟೆಸ್ಟ್ ಐತೇನೇ ಇಂಪಿ?" ಅಂತ ಕೇಳಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೇಳಿದಂತೆ ದಿನಾ ಬೆಳಗ್ಗೆ ಲವಂಗ, ನಿಂಬೆಸಿಪ್ಪೆ ಮೂಸಿಸಿದೆ. ಏನೂ ಆಗಲಿಲ್ಲ. ಅನ್ನವೂ ಒಂದೇ, ಹುಗ್ಗಿಯೂ ಒಂದೇ ಅನ್ನೋ ಹಾಗೆ ತಟ್ಟೆ ಮುಂದೆ ಕೂತು ಏಳ್ತಿದ್ದಳು. ಹೀಗೇ ಮೂರು ವರ್ಷ.

ಹೋದ ವರ್ಷ ನನಗೆ ಕೆಲಸ ಕಾಯಂ ಆಯ್ತು. ಬರಲ್ಲ ಅಂದವಳನ್ನ ಎಳೆದುಕೊಂಡು ತಿಪಟೂರಲ್ಲಿ ಬಟ್ಟೆ ಅಂಗಡಿ ಮೇಲೆ ಹೊಸದಾಗಿ ತೆಗೆದಿದ್ದ ಕೆಫೆಗೆ ಹೋದೆ. ನ್ಯಾಚೋಸ್ ಹೇಳಿದೆ. ಮೂರು ಮೂಲೆಯ ಹಳದಿ ಚೂರುಗಳು, ಪಕ್ಕದಲ್ಲಿ ಚೀಸ್.

"ಏನೇ ಇದು, ಹಪ್ಪಳ ಮುರಿದು ತಂದವ್ರೆ?"

"ಮೆಕ್ಕೆಜೋಳದ್ದು ಅತ್ತೆ. ಸುಮ್ನೆ ತಿನ್ನು."

ಔಷಧಿ ಬಾಯಿಗೆ ಹಾಕಿಕೊಂಡ ಹಾಗೆ ಒಂದು ಚೂರು ಹಾಕಿಕೊಂಡಳು. ಕರುಂ ಅಂತು. ಅಗಿಯೋದು ನಿಲ್ಲಿಸಿ ನನ್ನ ಮುಖ ನೋಡಿದಳು. ಇನ್ನೊಂದು ಹಾಕಿಕೊಂಡಳು. ಮೂರು ವರ್ಷದಿಂದ ಅವಳು ಇನ್ನೊಂದು ಅಂತ ಕೈ ಚಾಚಿದ್ದನ್ನ ನಾನು ನೋಡಿರಲಿಲ್ಲ.

"ರುಚಿ ಗೊತ್ತಾಗಕಿಲ್ಲ ಬುಡು. ಆದ್ರೆ ಇದು ಕೇಳುಸ್ತದೆ ಕಣೇ," ಅಂದಳು. ಎರಡು ಚೂರು ಎತ್ತಿ ಕಿವಿ ಹತ್ತಿರ ಒಂದಕ್ಕೊಂದು ತಟ್ಟಿದಳು, ಥೇಟ್ ಕೊಬ್ಬರಿಗೆ ತಟ್ಟಿದ ಹಾಗೆ. ಆಮೇಲೆ ಗಲ್ಲಾದಲ್ಲಿದ್ದ ಮಾಲೀಕನನ್ನ ಕರೆದು "ಪಾಕೀಟು ಒಡ್ದು ಎರಡು ದಿನ ಆಗೈತೆ ಅಲ್ವೇನಪ್ಪ?" ಅಂದಳು. ಅವನ ಮುಖ ಸಣ್ಣದಾಯ್ತು. ಶುಕ್ರವಾರ ಒಡೆದದ್ದು, ಅವತ್ತು ಭಾನುವಾರ.

ಅಲ್ಲಿಂದ ಶುರು. ಭಾನುವಾರ ಬಂತು ಅಂದ್ರೆ ಅತ್ತೆ ಸೀರೆ ಉಟ್ಟು ರೆಡಿ. ನಮ್ಮ ಕಡೆ ಆ ಕೆಫೆ ಬಿಟ್ಟರೆ ನ್ಯಾಚೋಸ್ ಸಿಗೋದು ಹೆಚ್ಚಾಗಿ ಬಾರ್‌ಗಳಲ್ಲೇ. ಬಾರ್‌ಗೆ ಹೋಗ್ತೀವಿ ಅಂತ ಮಾವನಿಗೆ ಹೆದರಿಕೊಂಡೇ ಹೇಳಿದೆ. ಆ ಪುಣ್ಯಾತ್ಮ "ಬರ್ತಾ ಮೆಂತ್ಯಸೊಪ್ಪು ತಗಂಡು ಬನ್ನಿ" ಅಂದರು, ಅಷ್ಟೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲೆಲ್ಲಿ ಮೆನುವಿನಲ್ಲಿ ನ್ಯಾಚೋಸ್ ಇದೆಯೋ ಅಲ್ಲೆಲ್ಲ ನಮ್ಮ ಸವಾರಿ. ಹತ್ತಕ್ಕೆ ಎಷ್ಟು, ಐದು ಸ್ಟಾರಿಗೆ ಎಷ್ಟು ಅನ್ನೋ ಲೆಕ್ಕ ಅವಳಿಗೆ ಹಿಡಿಸಲಿಲ್ಲ. ಒಂದನೇ ದರ್ಜೆ, ಎರಡನೇ ದರ್ಜೆ, ಇಲ್ಲವೇ ಮಿಲ್ಲಿಗೆ. ಬಾರ್ ಮಾಲೀಕರು ಹೆಂಗೈತ್ರಮ್ಮ ಅಂತ ಕೇಳಿದ್ರೆ ಮುಖದ ಮೇಲೇ "ಇದು ಮಿಲ್ಲಿಗೆ ಕಣಪ್ಪ" ಅಂತ ಹೇಳಿ ಎದ್ದು ಬರೋಳು. ಅವರಿಗೆ ಅರ್ಥ ಮಾಡಿಸೋದು ನನ್ನ ಪಾಡು.

ತುರುವೇಕೆರೆಯ ಒಂದು ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಚಂದಾಗಿ ಮೂರು ಮೂಲೆ ಕತ್ತರಿಸಿ, ಚಾಟ್ ಮಸಾಲೆ ಉದುರಿಸಿ ತಂದಿಟ್ಟರು. ನಾನು ಸೂಪರ್ ಅಂತ ತಿಂತಿದ್ದೆ. ಅತ್ತೆ ಒಂದು ಕಚ್ಚಿ ತಲೆ ಅಲ್ಲಾಡಿಸಿದಳು. "ಜೋಳ ಟಣ್ ಅಂತ ಮುರೀತದೆ. ಇದು ಮಂಕಾಗಿ ಮುರೀತು. ಗೋಧಿ ಇದು." ಅಡಿಗೆ ಭಟ್ಟರು ಟವೆಲ್‌ನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದರು. ಬೆಳಗ್ಗೆ ಮಿಕ್ಕಿದ ಚಪಾತಿ ಕತ್ತರಿಸಿ ಕರಿದಿದ್ದು ಅಂತ ಒಪ್ಪಿಕೊಂಡರು. ಕರಿದಿದ್ದು ಚೆನ್ನಾಗಿದೆ ಅಂತ ಅತ್ತೆ ಅದಕ್ಕೂ ಎರಡನೇ ದರ್ಜೆ ಕೊಟ್ಟಳು.

ಚಿಕ್ಕನಾಯಕನಹಳ್ಳಿಯ ಬಾರ್‌ದು ಮಾತ್ರ ನಾನು ಸಾಯೋವರೆಗೂ ಮರೆಯಲ್ಲ. ಫ್ಯಾಮಿಲಿ ರೂಮಿಗೂ ಹಾಲಿಗೂ ಮಧ್ಯೆ ಒಂದು ಹಸಿರು ಪರದೆ ಅಷ್ಟೇ. ಆ ಕಡೆ ಟಿವಿಯಲ್ಲಿ ಹಾಡು ಕಿರುಚ್ತಾ ಇತ್ತು. ಅತ್ತೆ ಚೂರು ಬಾಯಿ ಹತ್ತಿರ ಹಿಡಿದು ಸುಮ್ಮನೆ ಕೂತಳು. ಆಮೇಲೆ ಎದ್ದು ಪರದೆ ಸರಿಸಿ, "ಸ್ವಲ್ಪ ಹಾಡು ನಿಲ್ಸ್ರಪ್ಪ, ಇದನ್ನ ಕೇಳ್ಬೇಕು" ಅಂದಳು. ಇಡೀ ಬಾರ್ ತಿರುಗಿ ನೋಡಿತು. ವಿಭೂತಿ ನೋಡಿಯೋ ಏನೋ ಟಿವಿ ನಿಲ್ಲಿಸಿದರು. ಕುಡೀತಿದ್ದವರೂ ಗ್ಲಾಸು ಕೆಳಗಿಟ್ಟರು. ಅತ್ತೆ ನಿಂತಲ್ಲೇ ಕಚ್ಚಿದಳು. ಕರುಂ.

"ಪಾಸಾ ಅಮ್ಮ?" ಅಂತ ಮೂಲೆಯಿಂದ ಒಬ್ಬ ಕೇಳಿದ.

"ಒಂದನೇ ದರ್ಜೆ," ಅಂದಳು ಅತ್ತೆ. ಅವರೆಲ್ಲ ಚಪ್ಪಾಳೆ ಹೊಡೆದರು ಕಣ್ರೀ. ಮಾಲೀಕ ಕಾಸೇ ತಗೊಳ್ಳಲಿಲ್ಲ.

ಆ ನ್ಯಾಚೋಸ್ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಕೊಬ್ಬರಿ ತುರಿದು ಹಾಕಿದ್ದರು. ಕೂತ ಮೇಲೆ ಆ ತುರಿಯನ್ನ ಅತ್ತೆ ಬೆರಳಲ್ಲಿ ಎತ್ತಿ ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. ಆಮೇಲೆ ನನ್ನ ಮೂಗಿಗೆ ಹಿಡಿದು, "ನೀನು ನೋಡೇ, ಹೊಸದಾ ಹಳೇದಾ?" ಅಂದಳು. ನನಗೇನು ಗೊತ್ತಾಗುತ್ತೆ, ಕೊಬ್ಬರಿ ಥರಾನೇ ಇತ್ತು. "ಇಷ್ಟೂ ಗೊತ್ತಾಗಕಿಲ್ವಾ" ಅಂತ ಬೈದಳು. ಬೈದದ್ದು ನನ್ನನ್ನಲ್ಲ ಅಂತ ನನಗೆ ಗೊತ್ತು.

ಪ್ರತಿ ವಾರ ನಾನು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕ್ತಿದ್ದೆ. ಅದು ಒಬ್ಬರಿಂದ ಒಬ್ಬರಿಗೆ ಹೋಗಿ ಶಂಭುಲಿಂಗಯ್ಯನವರಿಗೂ ಮುಟ್ಟಿತು. ಒಂದು ಗುರುವಾರ ಸಾಯಂಕಾಲ ಅವರೇ ಮನೆಗೆ ಬಂದರು.

"ಏನವ್ವಾ, ಬಾರ್ ಮೆಟ್ಲು ಹತ್ತೋಕೆ ಮಂಡಿನೋವಿಲ್ಲ, ನನ್ನ ಮಂಡಿಗೆ ಬರೋಕೆ ಐತಾ? ಸೋಮವಾರದಿಂದ ಬಾ. ಹೊಸಬ್ರು ನೋಡಿದ ಚೀಲ ನಾನೇ ಬಿಚ್ಚಿ ಬಿಚ್ಚಿ ಸಾಕಾಯ್ತು."

ಅತ್ತೆ ನೆಲ ನೋಡ್ತಾ "ಭಾನುವಾರ ಹೇಳ್ತೀನಿ ಅಣ್ಣ" ಅಂದಳು. ಅವರು ಆ ಕಡೆ ಹೋದ ಮೇಲೆ ಅಡಿಗೆಮನೆಗೆ ಹೋಗಿ ಅತ್ತಳು. ನನ್ನ ಪಿತ್ತ ನೆತ್ತಿಗೇರಿತು. ನಿಜ ಹೇಳಿಬಿಡು ಅಂತ ಕೂಗಾಡಿದೆ. "ಹೆಂಗೆ ಹೇಳ್ಲೇ, ನನಗೋಸ್ಕರ ಆ ವ್ಯಾಪಾರೀನ ಕಳ್ಕಂಡವ್ರು ಅವ್ರು," ಅಂದಳು. "ಮೂಗಿಲ್ದೆ ಹೋದ್ರೆ ಮತ್ತೆ ಮೋಸ. ಬರಕಿಲ್ಲ ಅಂತೀನಿ, ಅಲ್ಲಿಗೆ ಮುಗೀತು." ಮಂಡಿಗೆ ಹೋಗಬೇಕು ಅಂತ ಆ ಹೆಂಗಸಿಗೆ ಎಷ್ಟು ಆಸೆ ಅಂತ ನನಗೆ ಗೊತ್ತಿತ್ತು.

ಭಾನುವಾರ ಮನಸ್ಸು ಸ್ವಲ್ಪ ಹಗುರ ಆಗಲಿ ಅಂತ ದೂರ ಕರೆದುಕೊಂಡು ಹೋದೆ. ಬೋರನಕಣಿವೆ ಡ್ಯಾಮ್ ನೋಡಿದ್ವಿ. ಬರ್ತಾ ರಸ್ತೆ ಪಕ್ಕ ಒಂದು ಬಾರ್, ಬೋರ್ಡಿನಲ್ಲಿ ನ್ಯಾಚೋಸ್ ಅಂತ ಬರೆದಿತ್ತು. ಬಾರಿನ ಹೆಸರು ಹೇಳಲ್ಲ. ಮಾಲೀಕ ಭೀಮರಾಜು ಅಂತ, ಒಳ್ಳೆ ಮನುಷ್ಯ, ಕುರ್ಚಿ ಒರೆಸಿ ಕೂರಿಸಿದ. ಅತ್ತೆಗೆ ಸ್ಕೂಟಿಯಿಂದ ಇಳಿಯೋಕೂ ಮನಸ್ಸಿರಲಿಲ್ಲ. ಆಮೇಲೆ ಶಂಭುಲಿಂಗಯ್ಯನವರಿಗೆ ಫೋನ್ ಮಾಡಿ ಬರಕಿಲ್ಲ ಅಂತ ಹೇಳಬೇಕಲ್ಲ, ಅದೇ ತಲೆಯಲ್ಲಿ.

ಪ್ಲೇಟು ಬಂತು. ಕಂದು ಬಣ್ಣಕ್ಕೆ ತಿರುಗಿದ ಚೂರುಗಳು, ಮೆತ್ತಗೆ ಬೇರೆ. ಅತ್ತೆ ಒಂದನ್ನ ಎತ್ತಿ ಕಿವಿಗೆ ತಗೊಂಡು ಹೋಗ್ತಿದ್ದವಳು ಕೆನ್ನೆ ಹತ್ತಿರವೇ ಕೈ ನಿಲ್ಲಿಸಿದಳು. ಮುಖ ಕಿವುಚಿದಳು. ಚೂರನ್ನ ಕೆಳಗಿಟ್ಟಳು. ಮತ್ತೆ ಎತ್ತಿದಳು. ಈ ಸಲ ಕಿವಿಗಲ್ಲ, ಮೂಗಿಗೆ.

"ಇಂಪಿ," ಅಂದಳು. "ಕಮಟು."

ನಾನು ಬಗ್ಗಿ ಮೂಸಿದೆ. ನಿಜ, ಎಣ್ಣೆ ಕೆಟ್ಟು ಎಷ್ಟು ದಿನವಾಗಿತ್ತೋ, ನಾನು ಮೂಗು ಮುಚ್ಚಿಕೊಂಡೆ. ಅತ್ತೆ ಮಾತ್ರ ಆ ಚೂರನ್ನ ಎರಡೂ ಕೈಯಲ್ಲಿ ಹಿಡಿದು ಮೂಸ್ತಾನೇ ಇದ್ದಳು, ಕಣ್ಣಲ್ಲಿ ನೀರು ಸುರೀತಾ ಇತ್ತು. ನನಗೂ ಅಳು ಬಂತು. ಇಬ್ಬರೂ ಅಳೋದು ನೋಡಿ ಭೀಮರಾಜು ಗಾಬರಿಯಿಂದ ಓಡಿ ಬಂದ.

"ಯಾಕ್ರಮ್ಮ, ಖಾರ ಆಯ್ತಾ?"

"ಇನ್ನೊಂದು ಪ್ಲೇಟು ತಗಂಬಾರಪ್ಪ," ಅಂದಳು ಅತ್ತೆ.

ಅವನು ಖುಷಿಯಾಗಿ ಬಿಸಿಬಿಸಿ ತಂದ. ಅತ್ತೆ ಕಣ್ಣು ಮುಚ್ಚಿ ಮೂಸಿದಳು, ನಿಧಾನವಾಗಿ, ಒಂದೊಂದನ್ನೇ. ಎರಡನೇ ಪ್ಲೇಟಿನಲ್ಲೂ ಕಮಟೇ ಇತ್ತು. ಆಗ ಅವನ ಕೈ ಹಿಡಿದು, "ನಿನ್ನ ಎಣ್ಣೆ ಕೆಟ್ಟೋಗೈತೆ, ಇವತ್ತೇ ಚೆಲ್ಲು. ಇದು ಮಿಲ್ಲಿಗೆ. ಆದ್ರೆ ನೀನು ನೂರು ವರ್ಷ ಬಾಳಪ್ಪ" ಅಂದಳು. ಪಾಪ, ಅವನಿಗೆ ಬೈದಳೋ ಹರಸಿದಳೋ ಒಂದೂ ತಿಳಿಯಲಿಲ್ಲ.

ನನ್ನ ಫೋನ್ ಕಿತ್ತುಕೊಂಡು ಅಲ್ಲಿಂದಲೇ ಶಂಭುಲಿಂಗಯ್ಯನವರಿಗೆ ಫೋನ್ ಮಾಡಿದಳು. ನಾನು ಬೇಡ, ಮನೆಗೆ ಹೋಗಿ ಮಾಡು ಅಂದೆ. ಕೇಳಲಿಲ್ಲ.

"ಅಣ್ಣ, ಅವತ್ತು ಯಾರೂ ಚೀಲ ಬದಲಾಯ್ಸಿರಲಿಲ್ಲ. ನನಗೆ ಮೂಗಿರಲಿಲ್ಲ. ಮುಚ್ಚಿಟ್ಟು ಕೆಲಸ ಮಾಡ್ದೆ, ತಪ್ಪು ನಂದೇ. ಈಗ ಬಂದೈತೆ. ಕಮಟಷ್ಟೇ ಗೊತ್ತಾಗ್ತಾ ಐತೆ, ಬೇರೆ ಏನೂ ಇನ್ನೂ ಇಲ್ಲ. ಬಾ ಅಂದ್ರೆ ಬತ್ತೀನಿ, ಬ್ಯಾಡ ಅಂದ್ರೆ ಇಲ್ಲ."

ಫೋನ್ ಸ್ಪೀಕರಿನಲ್ಲಿತ್ತು, ಭೀಮರಾಜು ಕೂಡ ಕಿವಿಗೊಟ್ಟು ನಿಂತಿದ್ದ.

"ಅವತ್ತೇ ಹೇಳ್ಬೇಕಿತ್ತು ಕಣವ್ವ," ಅಂದರು ಶಂಭುಲಿಂಗಯ್ಯನವರು. ದನಿಯಲ್ಲಿ ಬೇಸರ ಇತ್ತು, ಇಲ್ಲ ಅನ್ನಲ್ಲ. "ಆ ಮನುಷ್ಯನ ಮೇಲೆ ಏನೇನು ಕೂಗಾಡಿದೆ ನಾನು. ನಾಳೆ ಅವನಿಗೆ ಫೋನ್ ಮಾಡ್ಬೇಕು." ಆಮೇಲೆ ಅಂದರು: "ಬೆಳಗ್ಗೆ ಏಳಕ್ಕೆ ಬಾ. ಸ್ವಲ್ಪ ದಿನ ನೀನು ನೋಡಿದ್ದನ್ನೂ ನಾನು ಬಿಚ್ಚಿ ನೋಡ್ತೀನಿ, ಬೇಜಾರು ಮಾಡ್ಕಾಬ್ಯಾಡ."

"ನೋಡಿ ಅಣ್ಣ. ಎಲ್ಲಾನೂ ಬಿಚ್ಚಿ ನೋಡಿ," ಅಂದಳು ಅತ್ತೆ.

"ಈಗ ಎಲ್ಲಿದೀಯ?"

"ಬಾರ್‌ನಲ್ಲಿ," ಅಂದಳು, ದನಿ ತಗ್ಗಿಸದೆ.