ಭಾಗೀರಥಮ್ಮನ ನಡುಮನೆಯ ಸೈಕಲ್ಲು

ಭಾಗೀರಥಮ್ಮನ ಯಜಮಾನರಿಗೂ ತಮಗೂ ಬಹಳ ವಿಶ್ವಾಸ ಎಂದು ಶ್ರೀನಿವಾಸಯ್ಯನವರು ಹೆಚ್ಚುಕಡಿಮೆ ಒಂದು ವರ್ಷ ನಂಬಿದ್ದರು. ಆ ಯಜಮಾನರಾದರೋ ವಿಶ್ವಾಸ ಶುರುವಾಗುವ ಮೊದಲೇ ತೀರಿಕೊಂಡಿದ್ದರು.

ತಪ್ಪು ಪೂರ್ತಿ ಇವರದೂ ಅಲ್ಲ. ಚಾಮರಾಜಪೇಟೆಯ ಆ ವಠಾರ ಶ್ರೀನಿವಾಸಯ್ಯನವರದು. ಅಕೌಂಟ್ಸ್ ಕಚೇರಿಯಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದ ಮೇಲೆ, ತೊಂಬತ್ತರ ದಶಕದ ಆ ದಿನಗಳಲ್ಲಿ, ವಠಾರವನ್ನೂ ಒಂದು ಇಲಾಖೆಯಂತೆಯೇ ನಡೆಸುತ್ತಿದ್ದರು. ನೀತಿ ನಿರ್ಧಾರಗಳೆಲ್ಲ ಅವರವು. ಬಾಡಿಗೆದಾರರನ್ನು ಕಂಡು ಮಾತಾಡುವುದು, ಬೀಗದ ಕೈ ಕೊಡುವುದು ಮುಂತಾದ ಚಿಲ್ಲರೆ ಕೆಲಸ ಹೆಂಡತಿ ಸುಬ್ಬಲಕ್ಷ್ಮಮ್ಮನದು. ಪರಸ್ತ್ರೀಯರ ಮುಖ ನೋಡಿ ಮಾತಾಡುವುದಿಲ್ಲ ಎಂಬುದು ಅವರ ಇನ್ನೊಂದು ಹೆಚ್ಚುಗಾರಿಕೆ. ಹಾಗಾಗಿ ಪಕ್ಕದ ಮನೆಗೆ ಭಾಗೀರಥಮ್ಮ ಎಂಬುವರು ಬಂದರು, ಶಾಲೆಯೊಂದರ ಆಫೀಸಿನಲ್ಲಿ ಕೆಲಸ, ಸಾಮಾನಿನ ಜೊತೆಗೊಂದು ಸೈಕಲ್ಲು ಎನ್ನುವಷ್ಟು ಮಾತ್ರ ಅವರ ಕಿವಿಗೆ ಬಿದ್ದಿತ್ತು. ಅಡ್ಡ ಬಾರಿನ, ಗಂಡಸರ ಸೈಕಲ್ಲು. ಸೈಕಲ್ಲಿದ್ದ ಮೇಲೆ ಗಂಡಸು ಇರಲೇಬೇಕೆಂದು ಅವರು ಕಡತ ಮುಗಿಸಿದರು.

ಅದಕ್ಕೆ ಸಾಕ್ಷ್ಯವೂ ಸಿಕ್ಕಿತು. ಭಾನುವಾರ ಊಟವಾಗಿ ಈಸಿಚೇರಿನಲ್ಲಿ ಕಣ್ಣು ಮುಚ್ಚಿದರೆ ಗೋಡೆಯಾಚೆ ಕೆಲಸ ಶುರುವಾಗುತ್ತಿತ್ತು. ಸೀಮೆಎಣ್ಣೆಯ ವಾಸನೆ. ಚೈನು ಉಜ್ಜುವ ಕರಕರ. ಆಮೇಲೆ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟುವ ಟಣ್, ಟಣ್. ನಡುವೆ ಯಾವುದಾದರೂ ಸಡಿಲ ಕಡ್ಡಿ ಟಪ್ ಎಂದರೆ, ಅದು ಬಿಗಿಯಾಗಿ ಟಣ್ ಎನ್ನುವವರೆಗೂ ಆ ಬೆರಳು ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಜೊತೆಗೆ ಭಾಗೀರಥಮ್ಮನ ದನಿ: "ಇಷ್ಟು ಸಾಕಾ? ಇನ್ನೂ ಅರ್ಧ ಸುತ್ತಾ? ಹ್ಞೂಂ, ಆಯ್ತು ಬಿಡಿ." ಕೇಳುತ್ತಿದ್ದದ್ದು ಆ ದನಿಯೊಂದೇ. ಇನ್ನೊಬ್ಬರು ಮಿತಭಾಷಿಯೆಂದು ಶ್ರೀನಿವಾಸಯ್ಯನವರಿಗೆ ಗೌರವವೇ ಹುಟ್ಟಿತು. ತಮ್ಮ ಕಚೇರಿಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ, ತಾವೂ ಸೇರಿ.

ಭಾನುವಾರ ಸಂಜೆ ವಠಾರದ ತಪಾಸಣೆಗೆ ಹೊರಟಾಗ ಆ ಕಿಟಕಿಯ ಮುಂದೆ ನಿಂತು, ಒಳಗೆ ಇಣುಕದೆ, "ನಮಸ್ಕಾರ ಸಾರ್, ನಡೀಲಿ ನಡೀಲಿ" ಎನ್ನುತ್ತಿದ್ದರು. ಒಳಗಿನ ಕತ್ತಲಲ್ಲಿ ಸೈಕಲ್ ಬೆಲ್ಲು ಒಮ್ಮೆ ಟ್ರಿಣ್ ಎನ್ನುತ್ತಿತ್ತು. ಕೈಯೆಲ್ಲ ಎಣ್ಣೆ, ಪಾಪ, ಎದ್ದು ಬರಲಾಗದೆ ಹೀಗೆ ಪ್ರತಿವಂದನೆ ಮಾಡುತ್ತಾರೆ ಎಂದುಕೊಂಡು ಇವರು ಮುಂದೆ ಸಾಗುತ್ತಿದ್ದರು.

ಒಂದು ದಿನ ಕಾಫಿ ಹೀರುತ್ತ ಹೆಂಡತಿಗೆ ಹೇಳಿದರು: "ಲೇ ಇವಳೇ, ಪಕ್ಕದ ಮನೆಯೋರನ್ನ ವಠಾರದ ಕಮಿಟಿಗೆ ಸೇರಿಸ್ಕೊಳ್ಳೋಣಾಂತಿದೀನಿ. ಘನವಾದ ಮನುಷ್ಯ."

"ಯಾರನ್ರೀ?"

"ಭಾಗೀರಥಮ್ಮನ ಯಜಮಾನ್ರನ್ನ."

ಸುಬ್ಬಲಕ್ಷ್ಮಮ್ಮ ಲೋಟ ಕೆಳಗಿಟ್ಟರು. "ಅವ್ರನ್ನಾ? ಅವ್ರು ಹೋಗಿ ಯಾವ ಕಾಲ ಆಯ್ತು! ಆಯಮ್ಮ ಒಬ್ರೇ ಅಲ್ವಾ ಇರೋದು. ಯಾಕೆ, ನೀವೇನಾದ್ರೂ ಕಂಡ್ರಾ?"

"ಇಲ್ಲ ಇಲ್ಲ. ಸುಮ್ನೆ ಅಂದೆ."

ಮುಂದಿನ ಭಾನುವಾರ ಅವರು ಆ ಕಿಟಕಿಯನ್ನು ದಾಟಿದ್ದು ತುದಿಗಾಲಲ್ಲಿ, ನಮಸ್ಕಾರವಿಲ್ಲದೆ. ಎರಡು ಹೆಜ್ಜೆ ಮುಂದೆ ಹೋಗಿರಬೇಕು, ಒಳಗೆ ಬೆಲ್ಲು ಟ್ರಿಣ್ ಎಂದಿತು. ಸ್ವಲ್ಪ ತಡೆದು, ಯಾಕೆ ಮಾತಿಲ್ಲ ಎಂದು ಕೇಳಿದಂತೆ, ಮತ್ತೊಮ್ಮೆ. ಅಂದಿನಿಂದ ವಠಾರದ ಆ ಭಾಗವನ್ನು ತಪಾಸಣೆಯಿಂದ ಕೈಬಿಡಲಾಯಿತು.

ಹಾಗೂ ಹೀಗೂ ಆಯುಧಪೂಜೆ ಬಂತು. ಅಂದು ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ವಠಾರದ ಹೊಲಿಗೆ ಮಿಷನ್ನು, ಈಳಿಗೆಮಣೆ, ಸ್ಕ್ರೂಡ್ರೈವರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ರಜೆಯಲ್ಲಿದ್ದವು. ಶ್ರೀನಿವಾಸಯ್ಯನವರು ತಮ್ಮ ಹಳೆಯ ರಬ್ಬರ್ ಸ್ಟ್ಯಾಂಪಿಗೂ ಒಂದು ಸೇವಂತಿಗೆ ಇಟ್ಟಿದ್ದರು. ಭಾಗೀರಥಮ್ಮ ಅರಿಶಿನ ಕುಂಕುಮಕ್ಕೆಂದು ಇವರ ಮನೆಗೇ ಬಂದು ಒಳಕೋಣೆಯಲ್ಲಿ ಸುಬ್ಬಲಕ್ಷ್ಮಮ್ಮನ ಜೊತೆ ನಗುತ್ತಿದ್ದರು.

ಆಗ ಗೋಡೆಯಾಚೆ ಚಕ್ರ ತಿರುಗಿತು.

ಟಿಕ್ ಟಿಕ್ ಟಿಕ್ ಟಿಕ್. ನಿಂತಿತು. ಮತ್ತೆ ಟಿಕ್ ಟಿಕ್.

ಶ್ರೀನಿವಾಸಯ್ಯನವರ ಒಂದು ಕಿವಿಗೆ ಭಾಗೀರಥಮ್ಮನ ನಗು, ಇನ್ನೊಂದು ಕಿವಿಗೆ ಆ ಸದ್ದು. ಎದ್ದುಹೋಗಿ ಆ ಕಿಟಕಿಯಲ್ಲಿ ಮೊದಲ ಸಲ ಇಣುಕಿದರು. ನಡುಮನೆಯಲ್ಲಿ ಸೈಕಲ್ಲು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮುಂದಿನ ಮಣೆಯ ಮೇಲೆ ಸ್ಪ್ಯಾನರು, ಪಂಪು, ಎಣ್ಣೆ ಡಬ್ಬಿ. ನೆಲದಿಂದ ಮೇಲೆದ್ದ ಹಿಂದಿನ ಚಕ್ರ, ಸೇವಂತಿಗೆಯ ಹಾರ ಹೊತ್ತು, ನಿಧಾನವಾಗಿ ಮುಂದಕ್ಕೆ ತೂಗಿ ನಿಂತು, ಹಿಂದಕ್ಕೆ ತಿರುಗಿತು. ಹಿಂದಕ್ಕೆ ತಿರುಗಿದಾಗ ಪೆಡಲುಗಳೂ ತಿರುಗಿದವು, ಕಾಣದ ಪಾದಗಳು ಮೇಲಿದ್ದಂತೆ. ಸೈಕಲ್ಲಿಗೆ ಎದುರಾಗಿ ಒಂದು ಬೆತ್ತದ ಕುರ್ಚಿ ಇತ್ತು. ಅದರಲ್ಲಿ ಯಾರೂ ಇರಲಿಲ್ಲ. ಆದರೆ ಬೆತ್ತ ಮಾತ್ರ ಯಾರೋ ಕೂತಷ್ಟು ತಗ್ಗಿತ್ತು.

ಮನೆ ಖಾಲಿ ಮಾಡಿಸಬೇಕೆಂದು ಅಲ್ಲೇ ತೀರ್ಮಾನವಾಯಿತು. ಭಯದಿಂದಲ್ಲ, ಶ್ರೀನಿವಾಸಯ್ಯನವರು ಭಯಪಡುವವರಲ್ಲ. ವಠಾರದ ಹಿತದೃಷ್ಟಿಯಿಂದ.

ಮಾರನೆಯ ದಿನ ವಿಜಯದಶಮಿ. ಶಾಲು ಹೊದ್ದು ಹೋದರು. ಭಾಗೀರಥಮ್ಮ ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ಚೈನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಬನ್ನಿ ರಾಯರೇ. ಅಯ್ಯೋ, ಆ ಕುರ್ಚಿ ಬೇಡ! ಮಣೆ ಮೇಲೆ ಕೂತ್ಕೊಳ್ಳಿ."

ರಾಯರು ಸರ್ರನೆ ಮಣೆಗೆ ಇಳಿದರು. ಅಷ್ಟು ಕೆಳಗೆ ಕೂತು ನೀತಿ ನಿರ್ಧಾರ ಪ್ರಕಟಿಸುವುದು ಕಷ್ಟವಾದರೂ ಪ್ರಕಟಿಸಿದರು.

ಭಾಗೀರಥಮ್ಮನ ಕೈ ನಿಂತಿತು. "ಹೋಗೂಂದ್ರೆ ಹೋಗ್ಬೇಕು, ಮನೆ ನಿಮ್ದು. ಆದ್ರೆ ಎಲ್ಲಿಗೆ ಅಂತ ಹೋಗ್ಲಿ? ಇಲ್ಲಿಗೆ ಬರೋಕೆ ಮುಂಚೆ ಎಷ್ಟು ಕಡೆ ಅಲೆದೆ ಗೊತ್ತಾ? ಹೆಂಗಸು ಬರ್ಲಿ, ಸೈಕಲ್ ಒಳಗೆ ಬೇಡ ಅಂತಾರೆ. ಹೊರಗಿಟ್ರೆ ಮಳೆಗೆ ತುಕ್ಕು."

"ಯಾರೂ ಓಡಿಸದ ಸೈಕಲ್ಲಮ್ಮ ಅದು."

"ಓಡ್ಸಲ್ಲ ಅಂದ್ರೆ ತುಕ್ಕು ಸುಮ್ನಿರುತ್ತಾ? ನಮ್ಮೋರು ಗವಿಪುರದಿಂದ ಮೆಜೆಸ್ಟಿಕ್ ಹತ್ರ ಪ್ರೆಸ್ಸಿಗೆ ಅಚ್ಚಿನ ಮೊಳೆ ಜೋಡಿಸೋಕೆ ಇದರ ಮೇಲೇ ಹೋಗೋರು. ಕಾಯಿಲೆ ಬಿದ್ಮೇಲೆ ಕೈ ನಡುಗ್ತಿತ್ತು. ಆ ಕುರ್ಚೀಲಿ ಕೂತು ಹೇಳೋರು, ನಾನು ಮಾಡ್ತಿದ್ದೆ. ಈಗ್ಲೂ ಬಾಯಲ್ಲಿ ಕೇಳ್ದೆ ಇದ್ರೆ ಕೈ ಓಡಲ್ಲ."

ಗೋಡೆಯಾಚೆಯ ಆ ಮಾತುಕತೆಯ ಗಂಟು ಶ್ರೀನಿವಾಸಯ್ಯನವರಿಗೆ ಬಿಚ್ಚಿಕೊಂಡಿತು. "ಮತ್ತೆ ನಿನ್ನೆ? ನೀವು ನಮ್ಮನೇಲಿದ್ರಿ. ಚಕ್ರ ತಾನಾಗೇ..."

"ತಿರುಗ್ತಾ?" ಭಾಗೀರಥಮ್ಮ ಹಿಂದಿನ ಚಕ್ರವನ್ನು ಸರಿಸಿ, ಬಾಡಿದ ಹಾರ ನೆತ್ತಿಗೆ ಬರುವಂತೆ ನಿಲ್ಲಿಸಿ ಕೈ ಬಿಟ್ಟರು. ಕಿಟಕಿಯಿಂದ ಒಂದೆಳೆ ಗಾಳಿ ಬಂತು. ಚಕ್ರ ಮೆಲ್ಲಗೆ ವಾಲಿ, ಭಾರ ಕೆಳಗೆಳೆದು, ಟಿಕ್ ಟಿಕ್ ಎಂದು ಇಳಿದು, ತೂಗಿ ಹಿಂದಕ್ಕೆ ಬಂತು. "ಹಾರ ಮೇಲಿತ್ತು, ಅಷ್ಟೇ. ಬೇರಿಂಗಿನ ಗುಂಡು ಸರಿಯಾಗಿ ಕೂತು ಎಣ್ಣೆ ಸರಿಯಾಗಿದ್ರೆ ಚಕ್ರಕ್ಕೆ ಉಸಿರು ಸಾಕು ಅಂತಿದ್ರು."

ಶ್ರೀನಿವಾಸಯ್ಯನವರು ಜೋರಾಗಿ ನಕ್ಕರು. ಕುರ್ಚಿಯ ಕಡೆಗೂ ಧೈರ್ಯವಾಗಿ ನೋಡಿದರು; ಹಳೆಯ ಬೆತ್ತ, ಕೂತು ಕೂತು ಜಗ್ಗಿದೆ, ಮತ್ತೇನು? ಎದ್ದು ಶಾಲು ಸರಿಮಾಡಿಕೊಂಡರು. "ನೋಡೀಮ್ಮ, ವೈಜ್ಞಾನಿಕವಾಗಿ ಯೋಚನೆ ಮಾಡೋನು ನಾನು. ಈ ಮನೆ ನಿಮ್ದೇ ಅಂತ ತಿಳ್ಕೊಳ್ಳಿ. ಎಷ್ಟು ವರ್ಷ ಬೇಕಾದ್ರೂ ಇರಿ. ಇದು ಶ್ರೀನಿವಾಸಯ್ಯನ ಮಾತು, ಒಂದ್ಸಲ ಕೊಟ್ಟ ಮೇಲೆ ವಾಪಸ್ ತಗೊಳ್ಳಲ್ಲ."

"ದೊಡ್ಡ ಮನಸ್ಸು ರಾಯರೇ," ಎಂದು ಭಾಗೀರಥಮ್ಮ ಮತ್ತೆ ಚೈನಿಗೆ ಕೈಹಾಕಿದರು.

ಹೊಸ್ತಿಲು ದಾಟುವ ಮುನ್ನ ರಾಯರಿಗೆ ಲಹರಿ ಬಂತು. ಬೆಲ್ಲನ್ನು ತಾವೇ ಒಮ್ಮೆ ಬಾರಿಸಿ ಹೋಗೋಣವೆಂದು ಹ್ಯಾಂಡಲಿನ ಮೇಲೆ ಕೈಯಾಡಿಸಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹಿಡಿಯ ಪಕ್ಕದಲ್ಲಿ ಪಟ್ಟಿ ಬಿಗಿದಿದ್ದ ಗುರುತು ಮಾತ್ರ ಇತ್ತು.

"ಬೆಲ್ ಎಲ್ಲಮ್ಮ?"

"ಅವ್ರು ಕಾಯಿಲೆ ಮಲಗಿದ್ದಾಗ ನನ್ನ ಕರೆಯೋಕೇಂತ ಬಿಚ್ಚಿ ಮಂಚಕ್ಕೆ ಕಟ್ಟಿಕೊಟ್ಟಿದ್ದೆ. ಆಮೇಲೆ ಅಸ್ಥಿ ಜೊತೆ ಪಶ್ಚಿಮವಾಹಿನೀಲಿ ಬಿಟ್ಟುಬಂದೆ. ಈ ಮನೆಗೆ ಅದು ಬಂದೇ ಇಲ್ಲ."

ಶ್ರೀನಿವಾಸಯ್ಯನವರ ಕೈ ಹ್ಯಾಂಡಲಿನ ಮೇಲೇ ಉಳಿಯಿತು. ಹಿಡಿ ತಣ್ಣಗಿತ್ತು.

"ಹಾಗಾದ್ರೆ ಭಾಗೀರಥಮ್ಮನೋರೇ... ಪ್ರತಿ ಭಾನುವಾರ ನನ್ನ ನಮಸ್ಕಾರಕ್ಕೆ ಬೆಲ್ ಹೊಡೀತಿದ್ದೋರು ಯಾರು?"

"ನಂಗೇನ್ರೀ ಗೊತ್ತು? ನಮಸ್ಕಾರ ಹೇಳಿದ್ದು ನೀವು, ನೀವೇ ಕೇಳ್ಕೊಳ್ಳಿ."