ಬುದ್ಧಿಹಲ್ಲು ಹೋಯಿತು, ತುಟಿ ಮರಗಟ್ಟಿತು

ಆ ಸಂಜೆ ಕುರಿ ರೊಪ್ಪದ ಬಾಗಿಲಲ್ಲಿ ನಾವು ಮೂವರಿದ್ದೆವು. ಅಪ್ಪ ತಡಿಕೆ ಹಿಡಿದುಕೊಂಡು ಕುರಿಗಳನ್ನು ಒಳಗೆ ಬಿಡುತ್ತಿದ್ದ. ನನ್ನ ಹೆಂಡತಿ ರತ್ನ ಮರಿಗಳನ್ನು ಬೇರೆ ಮಾಡುತ್ತಿದ್ದಳು. ನಾನು ಕಲ್ಲಿನ ಮೇಲೆ ಕುಳಿತು ಬಲಗೆನ್ನೆ ಹಿಡಿದುಕೊಂಡಿದ್ದೆ.

ಧರ್ಮಪುರದ ಕಡೆ ನಾವೆಲ್ಲ ಮುದ್ದೆ ನುಂಗುವ ಜನ. ಅಗಿಯುವ ಕೆಲಸ ಕಡಿಮೆ. ಹಾಗಾಗಿ ಹಲ್ಲಿನ ನೋವು ನಮಗೆ ತಿಳಿಯುವುದೂ ತಡವಾಗಿಯೇ. ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮುದ್ದೆಯ ತುತ್ತು ಹೋಗುವಷ್ಟೂ ಬಾಯಿ ತೆರೆಯಲಿಲ್ಲ.

ಅಪ್ಪ ಹತ್ತಿರ ಬಂದ. ಸಂತೆಯಲ್ಲಿ ಟಗರಿನ ಬಾಯಿ ನೋಡುವ ಹಾಗೆ ಹೆಬ್ಬೆರಳು ಹಾಕಿ ನನ್ನ ತುಟಿ ಸರಿಸಿದ.

“ಲೇ ತಿಪ್ಪೇಶ, ಹಿಂದ್ಲ ಹಲ್ಲು ಬರ್ತಾ ಐತೆ. ನಿಂಗಿನ್ನೂ ಬಾಯಿಗೂಡಿಲ್ಲ ಕಣಪ್ಪ.”

ಕುರಿಯ ವಯಸ್ಸನ್ನು ನಾವು ಹಲ್ಲು ನೋಡಿ ಹೇಳುತ್ತೇವೆ. ಎರಡಲ್ಲು, ನಾಲ್ಕಲ್ಲು, ಆರಲ್ಲು. ಎಲ್ಲ ಬಂದ ಮೇಲೆ ಬಾಯಿಗೂಡಿತು ಎನ್ನುತ್ತೇವೆ. ಆಮೇಲೆ ಅದು ಗಟ್ಟಿ ಕುರಿ.

“ಅಯ್ಯೋ ಮಾವ, ಹಂಗಾದ್ರೆ ಬಾಯಿಗೂಡದೋನ್ನ ನಂಗೆ ಕಟ್ಟಿಬಿಟ್ರಾ?” ಎಂದಳು ರತ್ನ.

“ಅವತ್ತೇ ಬಾಯಿ ತೆಗೆಸಿ ನೋಡ್ಬೇಕಿತ್ತವ್ವ ನೀನು. ಈಗ ಕೇಳಿದ್ರೆ ಯಾರು ವಾಪಸ್ ತಗಂತಾರೆ?”

ನಗಲು ಹೋಗಿ ನೋವಿನಿಂದ ಕಣ್ಣಲ್ಲಿ ನೀರು ಬಂತು. ಬರುವ ಹಲ್ಲು ಬರಲಿ, ಗಟ್ಟಿಯಾಗುತ್ತಾನೆ ಎಂದು ಅಪ್ಪ ಕಾದ. ಅಪ್ಪನ ಮಾತು ಕೇಳಿ ನಾನೂ ಕಾದೆ. ಕೆನ್ನೆ ಊದಿತು. ಕಿವಿಯೊಳಗೆ ಯಾರೋ ಸೂಜಿ ಆಡಿಸಿದ ಹಾಗಾಯಿತು. ಜ್ವರ ಬಂದ ಮೇಲೆ ರತ್ನ ಯಾರನ್ನೂ ಕೇಳಲಿಲ್ಲ. ನನ್ನನ್ನು ಹಿರಿಯೂರಿನ ಬಸ್ಸು ಹತ್ತಿಸಿ ತಾನೂ ಹತ್ತಿದಳು.

ಹಲ್ಲಿನ ಡಾಕ್ಟರ್ ನಮ್ಮ ವಾರಿಗೆಯ ಹೆಣ್ಣುಮಗಳು. ಮೊದಲು ಇನ್ಫೆಕ್ಷನ್ ಇಳಿಯಲಿ ಎಂದು ಮಾತ್ರೆ ಕೊಟ್ಟರು. ಬಾವು ಇಳಿದ ಮೇಲೆ ಚಿತ್ರದುರ್ಗಕ್ಕೆ ಹೋಗಿ ದವಡೆಯ ಎಕ್ಸ್‌ರೇ ತೆಗೆಸಿಕೊಂಡು ಬಂದೆವು. ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಲ್ಲ ಹಲ್ಲೂ ನಿಂತಿದ್ದವು. ಕೊನೆಯದೊಂದು ಅಡ್ಡ ಮಲಗಿ ಪಕ್ಕದ್ದನ್ನು ಒದೆಯುತ್ತಿತ್ತು.

“ಇದು ವಿಸ್ಡಮ್ ಟೂತ್, ಬುದ್ಧಿಹಲ್ಲು. ನೆಟ್ಟಗೆ ಬರೋಕೆ ಜಾಗ ಇಲ್ಲ. ತೆಗೀಬೇಕು,” ಎಂದರು. “ಒಂದು ವಿಷಯ ಹೇಳ್ಬೇಕು. ಬೇರಿನ ಪಕ್ಕದಲ್ಲೇ ತುಟಿಗೆ ಹೋಗೋ ನರ್ವ್ ಇದೆ. ತುಂಬಾ ಜನಕ್ಕೆ ಏನೂ ಆಗಲ್ಲ. ಕೆಲವರಿಗೆ ಕೆಳತುಟಿ ಕೆಲವು ದಿನ ಮರಗಟ್ಟುತ್ತೆ. ಅಪರೂಪಕ್ಕೆ ಹಾಗೇ ಉಳಿದುಬಿಡಬಹುದು.”

ನನ್ನ ಕಸುಬೇ ತುಟಿಯದು.

ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಕುರಿಯನ್ನು ನೀರಿಗೆ ಕರೆಯಲು, ಬೇರೆಯವರ ಬೆಳೆಯಿಂದ ತಿರುಗಿಸಲು, ಬಸ್ಸು ಲಾರಿ ಓಡಾಡುವ ರಸ್ತೆ ದಾಟಿಸಲು ನಾವು ಎರಡೂ ತುಟಿ ಸೇರಿಸಿ ಬುರ್ರ್ ಎಂದು ಅದುರಿಸಿ ಕರೆಯುತ್ತೇವೆ. ಒಬ್ಬೊಬ್ಬರದು ಒಂದೊಂದು ಕರೆ. ಮುಂದಿನ ಹಲ್ಲು ಬಿದ್ದ ಮೇಲೆ ಅಪ್ಪನ ಕರೆ ಬರೀ ಗಾಳಿ. ಹಾಗಾಗಿ ನಮ್ಮ ಹಿಂಡು ಓಗೊಡುತ್ತಿದ್ದದ್ದು ನನ್ನ ಕರೆಯೊಂದಕ್ಕೇ. ಅದು ಹೋದರೆ ಕೋಲು ಹಿಡಿದು ನಿಂತು ಏನು ಮಾಡಲಿ?

“ತೆಗೆಸದೇ ಇದ್ರೆ ಏನಾಗ್ತೈತೆ ಮೇಡಂ?” ಎಂದೆ.

“ಮತ್ತೆ ಮತ್ತೆ ಊದ್ಕೊಳ್ಳುತ್ತೆ. ಪಕ್ಕದ ಹಲ್ಲೂ ಹೋಗುತ್ತೆ. ಯೋಚನೆ ಮಾಡಿ ಬನ್ನಿ, ಅವಸರ ಇಲ್ಲ.”

ರತ್ನ ನನ್ನ ಮುಖ ನೋಡಿ, “ನೋವು ನಿಮ್ದು. ನೀವೇ ಹೇಳ್ರಿ,” ಎಂದಳು.

ಹೂಂ ಎಂದೆ.

ಹಲ್ಲು ತೆಗೆಸಿದ ದಿನದ ಬಗ್ಗೆ, ಇದೇ ಹಲ್ಲಿಗೆ ಹೆದರಿ ಕೂತವರಿಗಾಗಿ ಹೇಳುತ್ತೇನೆ. ಚುಚ್ಚುವ ಇಂಜೆಕ್ಷನ್ ನೋಯುತ್ತದೆ, ಆದರೆ ಸ್ವಲ್ಪ ಹೊತ್ತು. ಆಮೇಲೆ ಅರ್ಧ ಮುಖ ಬೇರೆಯವರದ್ದಾಗುತ್ತದೆ. ಎಚ್ಚರವಿರುತ್ತದೆ. ವಸಡು ಕೊಯ್ದದ್ದು ತಿಳಿಯಲಿಲ್ಲ. ನೋವಿಗಿಂತ ಸದ್ದು ಹೆಚ್ಚು. ಹಲ್ಲನ್ನು ತುಂಡು ಮಾಡುವ ಮಷೀನು ತಲೆಬುರುಡೆಯ ಒಳಗೇ ಓಡಿದ ಹಾಗೆ ಕೇಳುತ್ತದೆ. ದವಡೆ ಒತ್ತಿ ಎಳೆಯುವಾಗ ಕುರ್ಚಿಯ ಸಮೇತ ಏಳುತ್ತೇನೇನೋ ಅನ್ನಿಸಿತು. ಡಾಕ್ಟರ್ ನಡುನಡುವೆ ನಿಲ್ಲಿಸಿ, “ನೋವಾದ್ರೆ ಕೈ ಎತ್ತಿ,” ಎನ್ನುತ್ತಿದ್ದರು. ಅಷ್ಟು ಮಾತು ನನಗೆ ದೊಡ್ಡ ಆಸರೆಯಾಯಿತು. ಕೊನೆಗೆ ಹೊಲಿಗೆ ಹಾಕಿ, ಗಾಜ್ ಬಟ್ಟೆ ಇಟ್ಟು ಕಚ್ಚಿಕೊಳ್ಳಲು ಹೇಳಿದರು.

“ಇವತ್ತು ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ಬಿಸಿ ಬೇಡ. ಹೊರಗಿಂದ ಐಸ್ ಇಡಿ. ಮೊಸರನ್ನ, ತಣ್ಣಗಿನ ಗಂಜಿ ತಿನ್ನಿ,” ಎಂದು ರತ್ನನಿಗೆ ಒತ್ತಿ ಹೇಳಿದರು.

ಮನೆಗೆ ಬಂದರೆ ಅಪ್ಪ ಬೂದಿ ಹಾಕಿದ ಹಳೇ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದ.

“ರಕ್ತ ನುಂಗಬ್ಯಾಡ ಕಣಪ್ಪ, ನಂಜಾಗ್ತೈತೆ. ಉಗುಳು ಇದ್ರಾಗೆ.”

“ಮಾವ, ಡಾಕ್ಟ್ರು ಉಗುಳಬ್ಯಾಡ ಅಂದವ್ರೆ.”

“ಅವ್ರು ಆಸ್ಪತ್ರೆ ಗಲೀಜಾಗ್ತೈತೆ ಅಂತ ಅಂದಿರ್ತಾರೆ. ಇದು ನಮ್ಮ ಮನೆ. ಮೊಸರಂತೆ, ಐಸಂತೆ! ಗಾಯ ಇದ್ದೋರಿಗೆ ಯಾರಾದ್ರೂ ಶೀತ ಕೊಡ್ತಾರೇನವ್ವ?”

ಬಾಯಲ್ಲಿ ಉಪ್ಪುಪ್ಪು ರಕ್ತ. ಅದನ್ನು ನುಂಗಲು ನನಗೂ ಹೇಸಿಗೆ. ಉಗುಳಿದೆ. ಮತ್ತೆ ಬಂತು, ಮತ್ತೆ ಉಗುಳಿದೆ. ಅಪ್ಪ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕೆನ್ನೆಗೆ ಶಾಖ ಕೊಟ್ಟ. ಬೇಡ ಎನ್ನಲು ಮನಸ್ಸು ಬರಲಿಲ್ಲ.

ಮರುದಿನ ಬೆಳಿಗ್ಗೆ ನೀರು ಕುಡಿದರೆ ಗಲ್ಲದ ಮೇಲಿಂದ ಇಳಿದು ಅಂಗಿ ಒದ್ದೆಯಾಯಿತು. ತುಟಿಗೆ ತಿಳಿದೇ ಇರಲಿಲ್ಲ. ಹಿತ್ತಲಿಗೆ ಹೋಗಿ ತುಟಿ ಸೇರಿಸಿ ಊದಿದೆ.

ಬರೀ ಗಾಳಿ.

ಅದರ ಮೇಲೆ ನೋವು. ಕಡಿಮೆಯಾಗುತ್ತಿದ್ದದ್ದು ಎರಡು ಮೂರು ದಿನಕ್ಕೆ ತಿರುಗಿ ಬಂತು. ಮೊದಲಿನ ನೋವು ಇದರ ಮುಂದೆ ಏನೂ ಅಲ್ಲ. ಬಾಯಿಂದ ಕೆಟ್ಟ ವಾಸನೆ. ಈ ಸಲ ಆಸ್ಪತ್ರೆಗೆ ಅಪ್ಪನೇ ಕರೆದುಕೊಂಡು ಹೋದ.

ಡಾಕ್ಟರ್ ನೋಡಿದರು. “ಡ್ರೈ ಸಾಕೆಟ್ ಆಗಿದೆ. ಉಗುಳಿದ್ರಾ?”

ನಾನು ಅಪ್ಪನ ಕಡೆ ನೋಡಲಿಲ್ಲ. ಅಪ್ಪನೇ ಮುಂದೆ ಬಂದ. “ನಾನೇ ಉಗುಳಿಸ್ದೆ ತಾಯಿ. ಶಾಖನೂ ಕೊಟ್ಟೆ.”

ಅವರು ಬೈಯಲಿಲ್ಲ. “ಅಪ್ಪಾಜಿ, ನಿಮ್ಮ ಕುರಿಗೆ ಗಾಯ ಆಗಿ ಹಕ್ಕಳೆ ಕಟ್ಟಿದ್ರೆ ಅದನ್ನ ಕೀಳ್ತೀರಾ?”

“ಯಾಕೆ ಕೀಳಾಣ? ಅದರ ಕೆಳಗೇ ಅಲ್ವಾ ಮಾಯೋದು?”

“ಹಲ್ಲು ಕಿತ್ತ ಗುಂಡಿಲೂ ರಕ್ತ ಹೆಪ್ಪುಗಟ್ಟಿ ಹಾಗೇ ಮುಚ್ಕೊಳ್ಳುತ್ತೆ. ಉಗುಳಿದ್ರೆ ಅದು ಕಿತ್ತು ಬರುತ್ತೆ. ಆಮೇಲೆ ಒಳಗಿನ ಮೂಳೆ ಬಯಲಾಗುತ್ತೆ.”

ಅಪ್ಪ ಮೆಲ್ಲಗೆ, “ಹಂಗಾದ್ರೆ ಮಗನ ತುಟಿ ಹೋಗಿದ್ದೂ ನನ್ನಿಂದ್ಲೇನಾ?” ಎಂದ.

“ಇಲ್ಲ ಇಲ್ಲ. ಅದು ಬೇರೆ. ಹಲ್ಲು ತೆಗೆಯೋವಾಗ ನರ್ವ್‌ಗೆ ಸ್ವಲ್ಪ ಪೆಟ್ಟಾಗಿದೆ. ನಿಮ್ಮಿಂದಲ್ಲ.”

ಗುಂಡಿ ತೊಳೆದು ಲವಂಗದ ವಾಸನೆಯ ಔಷಧಿ ತುಂಬಿದರು. ಕುರ್ಚಿಯಿಂದ ಇಳಿಯುವುದರೊಳಗೆ ನೋವು ತಗ್ಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಯಾರ ಮಾತಿಗೂ ಕಾಯದೆ ಒಂದು ಐಸ್‌ಕ್ರೀಮ್ ಕೊಡಿಸಿ, “ತಿನ್ನು. ನೆಕ್ಕಬ್ಯಾಡ, ಚಮಚದಾಗೆ ತಿನ್ನು,” ಎಂದ.

ಆ ದಿನಗಳಲ್ಲಿ ಹಿಂಡನ್ನು ರತ್ನ ಮತ್ತು ಅಪ್ಪ ಕಾಯ್ದರು. ಮೊದಲ ದಿನ ಕುರಿಗಳು ಅವಳ ಮಾತೇ ಕೇಳಲಿಲ್ಲವಂತೆ. ಅವು ಯಾರದೋ ಜೋಳದ ಹೊಲಕ್ಕೆ ನುಗ್ಗಿದವು, ಅವಳು ಬೈಸಿಕೊಂಡು ಬಂದಳು. ಆಮೇಲೆ ಅವಳಿಗೊಂದು ಹೊಳೆಯಿತು. ತಾಯಿಗೆ ಹಾಲಿಲ್ಲದ ಮರಿಗಳನ್ನು ಬಾಟ್ಲಿ ಹಾಲು ಕುಡಿಸಿ ಸಾಕಿದವಳು ಅವಳೇ. ನಾಲಿಗೆ ಲೊಚಗುಟ್ಟಿಸಿ ಆ ಮರಿಗಳನ್ನು ಕರೆದಳು. ಮರಿಗಳು ಅವಳ ಹಿಂದೆ ಓಡಿದವು. ಮರಿಗಳ ಹಿಂದೆ ಕುರಿಗಳು, ಕುರಿಗಳ ಹಿಂದೆ ಟಗರು.

“ನಿನ್ನ ಕರೆ ಯಾಕೆ ಬೇಕಲೇ? ಬಾಟ್ಲಿ ಇದ್ರೆ ಸಾಕು,” ಎಂದು ಅಪ್ಪ ನಕ್ಕ. ನಾನು ನಗಲಿಲ್ಲ. ನೋವು ಕಡಿಮೆಯಾಗಿದ್ದರೂ ಮನೆಯಲ್ಲಿ ಕೂತು ನನಗೆ ಒಂದೇ ಯೋಚನೆ. ಮಾತಾಡಬಲ್ಲೆ, ಉಣ್ಣಬಲ್ಲೆ, ಮರಿ ಎತ್ತಬಲ್ಲೆ. ಆದರೂ ಕುರಿ ಕಾಯುವವನು ಎಂದು ಇನ್ನು ಹೇಳಿಕೊಳ್ಳಬಹುದೇ ಎಂದು ಗೊತ್ತಾಗುತ್ತಿರಲಿಲ್ಲ.

ಹೊಲಿಗೆ ಬಿಚ್ಚಿದರು. ಬಾಯಿ ಪೂರ್ತಿ ತೆರೆಯಿತು. ಮುದ್ದೆ ನುಂಗಿದೆ. ಕೆಲವು ವಾರಗಳ ಮೇಲೆ ತುಟಿಯಲ್ಲಿ ಇರುವೆ ಹರಿದ ಹಾಗೆ ಜುಮುಜುಮು ಶುರುವಾಯಿತು. ಡಾಕ್ಟರ್ ಅದು ಒಳ್ಳೆಯ ಲಕ್ಷಣ ಎಂದರು. ದಿನವೂ ಹಿತ್ತಲಲ್ಲಿ ಊದಿ ನೋಡುತ್ತಿದ್ದೆ. ಒಂದು ದಿನ ಗಾಳಿಯ ನಡುವೆ ಸಣ್ಣಗೆ ಬುರ್ರ್ ಎಂದಿತು. ರತ್ನ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ನಿಂತಳು. ನಾನು ಇನ್ನೊಮ್ಮೆ ಊದಿದೆ.

ಗಲ್ಲದ ಬಲಭಾಗ ಇನ್ನೂ ಪೂರ್ತಿ ಬಂದಿಲ್ಲ. ಬರಬಹುದು ಎನ್ನುತ್ತಾರೆ. ಬಾರದಿದ್ದರೂ ಬದುಕಲು ಅಡ್ಡಿಯಿಲ್ಲ. ಆ ಡಾಕ್ಟರ್ ತಣ್ಣಗಿರಲಿ. ಮುಂಚೆಯೇ ನಿಜ ಹೇಳಿದ್ದರಿಂದ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮೊನ್ನೆ ಬಬ್ಬೂರಿನ ಕಡೆ ಹಿಂಡು ಹೊಡೆದುಕೊಂಡು ಹೋದೆವು. ರಸ್ತೆ ದಾಟಿಸಬೇಕಿತ್ತು. ಮುಂದೆ ಹೋಗಿ ಕರೆದೆ. ಹಳೆಯ ಕುರಿಗಳು ತಲೆ ಎತ್ತಿ ನೋಡಿ, ಹಾಗೇ ನಿಂತವು. ಸಣ್ಣ ಸದ್ದು, ಗುರುತು ಹತ್ತಲಿಲ್ಲವೇನೋ. ಬಸ್ಸೊಂದು ಬಂದು ನಿಂತಿತು. ಡ್ರೈವರ್ ಹಾರನ್ ಹೊಡೆದ.

“ರತ್ನಾ, ನೀನು ಕರಿ,” ಎಂದೆ.

ಅವಳು ಮುಂದೆ ನಡೆದು ಲೊಚಗುಟ್ಟಿದಳು. ಮರಿಗಳು ಹೋದವು, ಹಿಂಡು ಹೋಯಿತು. ನಾನು ಕುಂಟುತ್ತಿದ್ದ ಒಂದನ್ನು ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಕೈ ತೋರಿಸಿ, ಹಿಂದಿನಿಂದ ದಾಟಿದೆ.