ಒಂಬತ್ತಕ್ಕೆ ಮಲಗಬೇಕಾದ ಮಂಚ

ನಮ್ಮ ಮನೆಯಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದು ಒಂದೇ ಜಾಗದಲ್ಲಿ: ಮಗಳ ಕೋಣೆಯ ಕಿಟಕಿಯಲ್ಲಿ, ಅದೂ ಎಡಗಡೆಯ ಮೂಲೆಗೆ ಫೋನನ್ನು ಒರಗಿಸಿಟ್ಟರೆ. ಒಂದು ಗೇಣು ಬಲಕ್ಕೆ ಸರಿಸಿದರೆ ಮಾತು ತುಂಡು ತುಂಡಾಗಿ ಕೇಳುತ್ತದೆ. ಕೈಯಲ್ಲಿ ಎತ್ತಿಕೊಂಡರೆ ಅದೂ ಇಲ್ಲ. ಆ ಕಿಟಕಿಯ ಕೆಳಗೇ ಅವಳ ಮಂಚ.

ಕೋಣೆ ಎಂದರೆ ದೊಡ್ಡದೇನಲ್ಲ. ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವಾಗ ಸಿಗುವ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮನೆಯವರು ರೈಟರ್. ಆಳುಗಳ ಹಾಜರಿ ಹಾಕುವುದು, ಮರುದಿನದ ಕೆಲಸ ಹಂಚುವುದು ಅವರ ಪಾಲಿನದು. ಮನೆ ಎಸ್ಟೇಟಿನವರು ಕೊಟ್ಟಿದ್ದು. ನಾವಿಬ್ಬರು ಮಲಗುವ ಹಾಲು, ಅತ್ತೆಯ ನಡುಕೋಣೆ, ಅಡುಗೆಮನೆ, ಅದಕ್ಕೆ ಅಂಟಿಕೊಂಡಂತೆ ಹಿಂದೆ ಮೆಣಸಿನ ಚೀಲ ಇಡುತ್ತಿದ್ದ ಈ ಕೋಣೆ. ಮಗಳಿಗೆ ಹತ್ತು ತುಂಬಿದಾಗ ಚೀಲಗಳನ್ನು ಅಟ್ಟಕ್ಕೆ ಏರಿಸಿ, ಸುಣ್ಣ ಹೊಡೆಸಿ ಅವಳಿಗೆ ಬಿಟ್ಟುಕೊಟ್ಟೆವು. ಎಷ್ಟು ತೊಳೆದರೂ ಮೆಣಸಿನ ಘಾಟು ಹೋಗಲಿಲ್ಲ. ಅವಳಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಬಾಗಿಲಿಗೆ ಬಣ್ಣದ ಕಾಗದ ಅಂಟಿಸಿ ‘ತಟ್ಟಿ ಒಳಗೆ ಬನ್ನಿ’ ಎಂದು ಬರೆದಳು. ಅಜ್ಜಿಗೆ ಓದಲು ಬಾರದೆಂದು ಪಕ್ಕದಲ್ಲಿ ಬಾಗಿಲು ತಟ್ಟುವ ಒಂದು ಕೈಯನ್ನೂ ಬಿಡಿಸಿದಳು.

ಈಗ ಅವಳು ಆರನೇ ಕ್ಲಾಸು. ಎಸ್ಟೇಟಿನ ಗೇಟಿಗೆ ಸ್ಕೂಲ್ ವ್ಯಾನು ಬರುವಾಗ ಮಂಜು ಇನ್ನೂ ಕರಗಿರುವುದಿಲ್ಲ. ಅವಳನ್ನು ಎಬ್ಬಿಸಿ, ಮುಖ ತೊಳೆಸಿ, ಜಡೆ ಹಾಕಿ, ತೋಟದ ದಾರಿಯಲ್ಲಿ ಗೇಟಿನವರೆಗೆ ನಡೆಸಿಕೊಂಡು ಹೋಗಬೇಕು. ಈ ಮಳೆಗಾಲ ಕಳೆಯುವಷ್ಟರಲ್ಲಿ ಏಳಿಸುವುದೇ ಆಗದ ಕೆಲಸವಾಯಿತು. ಕೂರಿಸಿದರೆ ಕೂತಲ್ಲೇ ನಿದ್ದೆ. ಎರಡು ಸಲ ವ್ಯಾನು ಬಿಟ್ಟೇ ಹೋಯಿತು. ಕ್ಲಾಸ್ ಟೀಚರ್ ಫೋನ್ ಮಾಡಿ, ‘ನಿಮ್ಮ ಮಗಳು ಎರಡನೇ ಪೀರಿಯಡ್ಡಿಗೆ ಡೆಸ್ಕಿನ ಮೇಲೆ ತಲೆ ಇಟ್ಟುಬಿಡ್ತಾಳೆ, ರಾತ್ರಿ ಎಷ್ಟು ಹೊತ್ತಿಗೆ ಮಲಗಿಸ್ತೀರಿ?’ ಎಂದು ಕೇಳಿದರು. ಆ ಕರೆಯನ್ನೂ ನಾನು ಅವಳ ಮಂಚದ ಮೇಲೆ ಮೊಣಕಾಲೂರಿಯೇ ಕೇಳಿದೆ.

ಅಂದು ಊಟಕ್ಕೆ ಕೂತಾಗ ನಮ್ಮನೆಯವರು ಹಾಸ್ಟೆಲ್ಲಿನ ಮಾತು ತೆಗೆದರು. ಚಿಕ್ಕಮಗಳೂರಿನಲ್ಲಿರುವ ಅವರ ತಂಗಿ ಆಗಲೇ ವಿಚಾರಿಸಿಟ್ಟಿದ್ದಳಂತೆ.

‘ದೀಪಾವಳಿಗೆ ಅವಳು ಬರ್ತಾಳೆ. ಅಷ್ಟರೊಳಗೆ ಇವಳು ಸರಿ ಆಗ್ಲಿಲ್ಲ ಅಂದ್ರೆ ಬರೋ ವರ್ಷ ಹಾಸ್ಟೆಲ್ಲು. ಸೀಟಿಗೆ ಈಗ್ಲೇ ಹೇಳಿಡಬೇಕಂತೆ. ಅಲ್ಲಿ ಬೆಲ್ ಹೊಡೆದು ಮಲಗಿಸ್ತಾರೆ, ಬೆಲ್ ಹೊಡೆದು ಎಬ್ಬಿಸ್ತಾರೆ.’

ಮಗಳು ಅನ್ನ ಕಲಸುತ್ತಲೇ ಇದ್ದಳು. ಹನ್ನೊಂದು ವರ್ಷ. ಎರಡು ಜಡೆ ಹಾಕಿಕೊಳ್ಳಲು ಇನ್ನೂ ಬಾರದು. ತಾನೇ ಹಾಕಿಕೊಂಡರೆ ಒಂದು ಕಿವಿಯ ಮೇಲೆ, ಒಂದು ಕತ್ತಿನ ಹಿಂದೆ.

‘ನಾನು ಒಂಬತ್ತಕ್ಕೆ ಮಲಗಿಸ್ತೀನಿ. ನೋಡ್ತಿರಿ’ ಎಂದೆ.

ಮೊದಲ ದಿನ ಎಲ್ಲವೂ ಸರಿಯಾಗಿಯೇ ಆಯಿತು. ಬ್ಯಾಗು ಜೋಡಿಸಿ, ಹಲ್ಲುಜ್ಜಿ, ಒಂಬತ್ತಕ್ಕೆ ಹೊದ್ದು ಮಲಗಿದಳು. ದೀಪ ಆರಿಸಿ ಬಾಗಿಲು ಎಳೆದುಕೊಂಡೆ. ಕಿಟಕಿಯಲ್ಲಿದ್ದ ಫೋನು, ಮನೆಗೆಲ್ಲ ಅದೊಂದೇ, ಬಡಿದುಕೊಂಡಿತು. ಮೇಸ್ತ್ರಿ. ಆಳುಗಳಿರುವ ಲೈನು ಮನೆಗಳನ್ನೆಲ್ಲ ಸುತ್ತಿ, ನಾಳೆ ಯಾರು ಬರುತ್ತಾರೆ ಎಂದು ಕೇಳಿಕೊಂಡು ಅವನು ಫೋನ್ ಮಾಡುವುದು ಅದೇ ಹೊತ್ತಿಗೆ. ನಮ್ಮನೆಯವರು ಹೋಗಿ ಮಂಚದ ಮೇಲೆ ಕೂತು ಸ್ಪೀಕರ್ ಹಾಕಿದರು.

‘ರೈಟ್ರೇ, ನಾಳೆ ನಮ್ ಕಡೆಯಿಂದ ಆರೇ ಜನ. ಉಳಿದೋರೆಲ್ಲ ಮದ್ವೆಗೆ ಹೊರಟಿದಾರೆ.’

‘ಹೋದ ವಾರನೂ ಮದ್ವೆ ಅಂದಿದ್ಯಲ್ಲ ಮಾರಾಯ?’

‘ಅದು ನಿಶ್ಚಿತಾರ್ಥ ರೈಟ್ರೇ.’

ಹೊದಿಕೆಯ ಒಳಗಿಂದ ಮಗಳು, ‘ಬರೋ ವಾರ ಸೀಮಂತನಾ ಕೇಳಿ ಅಪ್ಪ’ ಎಂದಳು. ಮೇಸ್ತ್ರಿಗೂ ಕೇಳಿತು; ಅವನು ನಕ್ಕ ನಗುವಿಗೆ ಅವಳ ನಿದ್ದೆ ಪೂರ್ತಿ ಹಾರಿತು.

ಅದು ಮುಗಿಯುತ್ತಿದ್ದಂತೆ ನಾದಿನಿಯ ವಿಡಿಯೊ ಕಾಲ್. ಅತ್ತೆ ಕತ್ತಲಲ್ಲಿ ತಡಕಾಡುತ್ತ ಬಂದು ಮೊಮ್ಮಗಳ ಕಾಲಿನ ಮೇಲೇ ಕೂತು, ‘ಉಂಡ್ಯಾ? ಎಂತ ಸಾರು?’ ಎಂದು ಶುರು ಮಾಡಿದರು. ಕೊನೆಗೆ ಆನೆ ಗ್ರೂಪಿನ ಮೆಸೇಜು. ಕಾಡಾನೆ ಯಾವ ಎಸ್ಟೇಟಿನಲ್ಲಿದೆ, ಯಾವ ಕಡೆಗೆ ಹೊರಟಿದೆ ಎಂದು ಕಾವಲಿನವರು ರಾತ್ರಿ ಒಂದು ಸಲ, ನಸುಕಿನಲ್ಲಿ ಒಂದು ಸಲ ಹಾಕುತ್ತಾರೆ. ಅದನ್ನು ನೋಡದೆ ನಮ್ಮ ಕಡೆ ಯಾರೂ ಬೆಳಗ್ಗೆ ಅಂಗಳ ದಾಟುವುದಿಲ್ಲ. ರಾತ್ರಿಯದು ಬರುವ ತನಕ ನಾವು ಮೂವರೂ ಅವಳ ಮಂಚದ ಮೇಲೆ ಬಸ್ಸು ಕಾಯುವವರಂತೆ ಕೂತಿರುತ್ತಿದ್ದೆವು.

ಹೀಗೇ ದಿನ ಹೋಯಿತು. ಮಂಚವನ್ನು ಎದುರು ಗೋಡೆಗೆ ಹಾಕಿ ನೋಡಿದೆ. ಆ ಗೋಡೆಯ ತಂಡಿಗೆ ಹಾಸಿಗೆ ಬೂಸಲು ಹಿಡಿಯಿತು. ವೈಫೈ ಎಳೆಸೋಣವೆಂದರೆ ಕೇಬಲಿನವರು ಕೆಳಗಿನ ಬಂಗಲೆಯವರೆಗೆ ಬಂದು, ಇಲ್ಲಿಗೆ ಎಳೆದರೆ ಮರದ ಕೊಂಬೆ ಬಿದ್ದು ವೈರು ಉಳಿಯುವುದಿಲ್ಲ ಎಂದು ತಿರುಗಿ ಹೋದರು. ಫೋನು ತೆಗೆದುಕೊಂಡು ಅಂಗಳಕ್ಕೆ ಹೋಗೋಣವೆಂದರೆ ಕತ್ತಲಾದ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಇರುವುದು ಇಷ್ಟೇ ಮನೆ, ಇದೊಂದೇ ಕಿಟಕಿ. ಕೆಲವು ಸಲ ಹೊರಬಾಗಿಲ ಚಿಲಕ ಹಾಕಿ ಬಂದು ನೋಡಿದರೆ, ನಾವೇ ಮೆಣಸಿನ ಚೀಲಗಳ ಹಾಗೆ ಆ ಕೋಣೆಯಲ್ಲಿ ಒಟ್ಟಿರುವಂತೆ ಕಾಣುತ್ತಿತ್ತು.

‘ಮಲಗು ಮಲಗು ಅಂತೀರಿ’ ಎಂದಳು ಮಗಳು ಒಂದು ದಿನ. ‘ನನ್ ಮಂಚದ ಮೇಲೆ ಮೂರು ಜನ ಕೂತಿದೀರಿ. ತಟ್ಟಿ ಬೇರೆ ಬರಲ್ಲ.’

‘ಹಾಸ್ಟೆಲಲ್ಲಿ ಮಂಚದ ಮೇಲೆ ಇನ್ನೊಂದು ಮಂಚ ಇರ್ತದಂತೆ ಕಣೆ’ ಎಂದರು ಅತ್ತೆ, ಹೆದರಿಸುವುದಕ್ಕೆ.

‘ಇರ್ಲಿ ಬಿಡಿ ಅಜ್ಜಿ. ನನ್ ಕಾಲ ಮೇಲಂತೂ ಯಾರೂ ಕೂರಲ್ಲ.’

ತಮಾಷೆಗೇ ಅಂದಳು. ನನಗೆ ನಗು ಬರಲಿಲ್ಲ. ದೀಪಾವಳಿಗೆ ಇನ್ನೊಂದು ವಾರವಿತ್ತು. ಮರುದಿನ ಮೇಸ್ತ್ರಿಗೆ ಊಟಕ್ಕೆ ಮುಂಚೆಯೇ ಫೋನ್ ಮಾಡಲು ಹೇಳಿದೆ. ನಾದಿನಿಗೆ ಮಧ್ಯಾಹ್ನ ಮಾಡು ಎಂದೆ. ಒಂಬತ್ತಕ್ಕೆ ಫೋನು ಆಫ್ ಮಾಡಿ ಅಡುಗೆಮನೆಯ ಗೂಡಿನಲ್ಲಿಟ್ಟೆ.

‘ಆನೆ ಮೆಸೇಜು?’ ಎಂದರು ನಮ್ಮನೆಯವರು.

‘ಬೆಳಗ್ಗೆ ನೋಡಿದ್ರಾಯ್ತು ಕಣ್ರೀ.’

ಅವಳು ಮಲಗಿದಳು. ಬೆಳಗ್ಗೆ ನಾನು ಒಲೆ ಹಚ್ಚುವಾಗ ಹಿಂದಿನಿಂದ ಬಂದು ನಿಂತಳು, ಮುಖ ತೊಳೆದುಕೊಂಡು. ಯಾರೂ ಕರೆಯದೆ ಅವಳು ಎದ್ದದ್ದು ಆ ವರ್ಷದಲ್ಲೇ ಮೊದಲು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ನು ಕೆಟ್ಟಿದೆಯೆಂದು ಆಳು ಬಂದು ಕರೆದದ್ದಕ್ಕೆ ನಮ್ಮನೆಯವರು ಆಗಲೇ ಜೀಪಿನಲ್ಲಿ ಮೇಲಿನ ರಸ್ತೆ ಹಿಡಿದು ಪಲ್ಪರ್ ಮನೆಗೆ ಹೋಗಿದ್ದರು. ಕರೆಂಟು ಹೋಗಿತ್ತು. ಫೋನು ಆನ್ ಮಾಡಿ ಕಿಟಕಿಯಲ್ಲಿಟ್ಟರೆ ಒಂದು ಕಡ್ಡಿಯೂ ಇಲ್ಲ. ಕರೆಂಟಿನ ಜೊತೆಗೆ ಟವರೂ ಮಲಗಿತ್ತು. ಕಾದೆ. ದೋಸೆ ಹೊಯ್ದು ಮತ್ತೆ ನೋಡಿದೆ. ಜಡೆ ಹಾಕಿ ಮತ್ತೆ ನೋಡಿದೆ.

‘ಬಾ ಅಮ್ಮ. ಇವತ್ತು ಡ್ರೈವರಣ್ಣನಿಗಿಂತ ಮೊದಲು ನಾನಿರ್ಬೇಕು’ ಎಂದು ಬ್ಯಾಗು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಳು. ಹೋಗುವುದು ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ. ಹೊರಟೆವು.

ಎರಡನೇ ತಿರುವಿನಲ್ಲಿ ದಾರಿಗೆ ಅಡ್ಡ, ಆನೆ ಹುಡುಕಿಕೊಂಡು ಬರುವ ಬೈನೆ ಮರವೊಂದು ಬಿದ್ದಿತ್ತು. ಗಾಳಿಗೆ ಬಿದ್ದದ್ದಲ್ಲ, ಅದರ ತಿರುಳನ್ನು ಆನೆ ಸಿಗಿದು ತಿಂದಿತ್ತು. ಪಕ್ಕದಲ್ಲಿ ಲದ್ದಿ. ಮಂಜಿನಲ್ಲಿ ಅದರಿಂದ ಹಬೆ ಏಳುತ್ತಿತ್ತು.

‘ಅಮ್ಮ, ಬಿಸಿ ಇದೆ’ ಎಂದಳು ಮೆಲ್ಲಗೆ.

ಕೆಳಗಿನ ಕಾಫಿ ಗಿಡಗಳು ಒಂದು ಕಡೆಯಿಂದ ಅಲುಗುತ್ತ ಬಂದವು. ಕೊಂಬೆ ಮುರಿದ ಸದ್ದು. ಮನೆಗೆ ತಿರುಗಲು ಏರು ಹತ್ತಬೇಕು, ಮುಂದೆ ಮರ ಅಡ್ಡ. ಎಡಕ್ಕೆ ಹಳೆಯ ಪಂಪ್‌ಮನೆ ಇತ್ತು. ಅದರೊಳಗೆ ಹೋಗಿ ತಗಡಿನ ಬಾಗಿಲು ಎಳೆದುಕೊಂಡೆ. ಡೀಸೆಲ್ ವಾಸನೆ. ಇಬ್ಬರು ನಿಲ್ಲುವಷ್ಟೇ ಜಾಗ. ಅವಳ ಬ್ಯಾಗು ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಹೊರಗೆ ಅದು ಎಲೆ ಕೀಳುವುದು, ನಿಲ್ಲುವುದು, ಉಸಿರು ಬಿಡುವುದು ಎಲ್ಲ ಕೇಳುತ್ತಿತ್ತು. ಎಷ್ಟು ಹೊತ್ತೋ. ಅವಳು ಅಳುತ್ತಾಳೆಂದು ಬಾಯಿ ಮುಚ್ಚಲು ಕೈ ತಂದೆ. ಅವಳು ನನ್ನ ಕೈ ಸರಿಸಿ, ಕಿವಿಯ ಹತ್ತಿರ ಬಂದು ಕೇಳಿದಳು:

‘ಇದನ್ನೂ ಅಪ್ಪ ಲೇಟು ಅಂತ ಲೆಕ್ಕ ಹಾಕ್ತಾರಾ?’

ಅಷ್ಟು ದಿನ ನಾನೊಬ್ಬಳೇ ದೀಪಾವಳಿಗೆ ದಿನ ಎಣಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಜೀಪಿನ ಸದ್ದು, ಜನರ ಕೂಗು, ಪಟಾಕಿ ಕೇಳಿಸಿದ ಮೇಲೆ ಅದು ಕೆಳಗಿನ ಹಳ್ಳದ ಕಡೆ ಇಳಿಯಿತು. ನಮ್ಮ ಕೂಗು ಕೇಳಿ ನಮ್ಮನೆಯವರು ಬಾಗಿಲು ತೆಗೆದಾಗ ಅವರ ಮುಖ ಬಿಳಿಚಿಕೊಂಡಿತ್ತು. ಪಲ್ಪರಿನ ಹತ್ತಿರ ಯಾರೋ, ‘ರಾತ್ರಿಯಿಂದ ನಿಮ್ಮ ಮನೆ ದಾರಿಯಲ್ಲೇ ಇದೆಯಂತಲ್ಲ’ ಎಂದ ಮೇಲೇ ಅವರಿಗೆ ಗೊತ್ತಾದದ್ದು.

‘ರಾತ್ರಿನೇ ಬಂದಿತ್ತು ಮೆಸೇಜು. ರಾತ್ರಿನೇ!’ ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ವ್ಯಾನು ಅಂದು ಬಂದೇ ಇರಲಿಲ್ಲ. ಡ್ರೈವರು ಮೆಸೇಜು ನೋಡಿದ್ದ.

ಆ ಸಂಜೆ ಮಗಳು ತನ್ನ ದಿಂಬು ಎತ್ತಿಕೊಂಡು ನಡುಕೋಣೆಗೆ ಹೋದಳು. ‘ನಾನು ಅಜ್ಜಿ ಹತ್ರ ಮಲಗ್ತೀನಿ. ಕಿಟಕಿ ನೀವೇ ಇಟ್ಕೊಳಿ.’

‘ನಾನು ಗೊರಕೆ ಹೊಡೀತೀನಿ ಮಾರಾಯ್ತಿ’ ಎಂದರು ಅತ್ತೆ.

‘ಗೊತ್ತು. ನನ್ ಕೋಣೆಗೂ ಕೇಳ್ತದೆ.’

ಬಾಗಿಲ ಮೇಲಿನ ಕಾಗದವನ್ನು ಅವಳು ಕೀಳಲಿಲ್ಲ, ನಾನೂ ಕೀಳಲಿಲ್ಲ. ದೀಪಾವಳಿಗೆ ಬಂದ ನಾದಿನಿ ಹಾಸ್ಟೆಲ್ಲಿನ ಮಾತೆತ್ತಿದಾಗ ನಮ್ಮನೆಯವರು, ‘ಈಗ ಸರಿಯಾಗಿ ಏಳ್ತಿದಾಳೆ. ಬರೋ ವರ್ಷದ್ದು ಬರೋ ವರ್ಷ ನೋಡೋಣ’ ಎಂದರು. ಬೇಡ ಎನ್ನಲಿಲ್ಲ. ಅಷ್ಟೇ ನಮಗೆ ಸಿಕ್ಕಿದ್ದು.

ಆ ಮಂಚದಲ್ಲಿ ಈಗ ನಾನು ಮಲಗುತ್ತೇನೆ. ನಮ್ಮನೆಯವರಿಗೆ ಒಮ್ಮೆ ನಿದ್ದೆ ಹತ್ತಿದರೆ ಫೋನು ಕಿವಿಯಲ್ಲಿಟ್ಟರೂ ಕೇಳದು, ಯಾರಾದರೂ ಎಚ್ಚರವಿರಬೇಕಲ್ಲ. ಮೇಸ್ತ್ರಿಯ ಮದುವೆಗಳು, ನಾದಿನಿಯ ಸಾರು ಈಗ ನನ್ನ ಕಾಲಿನ ಮೇಲೆ ನಡೆಯುತ್ತವೆ, ಸ್ಪೀಕರ್ ಸಣ್ಣಗೆ ಮಾಡಿ, ಪಿಸುಮಾತಿನಲ್ಲಿ. ಎಲ್ಲರೂ ಎದ್ದುಹೋದ ಮೇಲೆ ಮೆಣಸಿನ ಘಾಟಿನಲ್ಲಿ ನಾನು ಮತ್ತು ಆ ಎಡಮೂಲೆ.

ಗ್ರೂಪಿನ ಮೆಸೇಜು ಬಂದಾಗ ಫೋನು ಗಾಜಿಗೆ ತಾಗಿ ಸಣ್ಣಗೆ ಗುಂಯ್‌ಗುಡುತ್ತದೆ. ನಿದ್ದೆ ಬಂದಿರದಿದ್ದರೆ ನಡುಕೋಣೆಯಿಂದ ಕೇಳುತ್ತಾಳೆ:

‘ಅಮ್ಮ, ಎಲ್ಲಿದೆಯಂತೆ?’

‘ಮೇಲಿನ ಎಸ್ಟೇಟಿನಲ್ಲಿ. ದೂರ ಇದೆ, ಮಲಗು.’

ಎಷ್ಟೋ ದಿನ ಅದು ನಿಜವೇ ಆಗಿರುತ್ತದೆ. ನಿನ್ನೆ ನಮ್ಮ ಪಂಪ್‌ಮನೆಯ ಹತ್ತಿರ ಎಂದಿತ್ತು. ನಿನ್ನೆಯೂ ಮೇಲಿನ ಎಸ್ಟೇಟು ಎಂದೇ ಹೇಳಿದೆ. ಬೆಳಗ್ಗೆ ಹೇಗೂ ಅವರಪ್ಪನಿಗೆ ಹೇಳಿ ಜೀಪಿನಲ್ಲಿ ಬಿಡಿಸಬಹುದಿತ್ತು. ಆಗ ಅವಳು ಮಲಗಬೇಕಿತ್ತು. ಮಗ್ಗುಲು ಬದಲಿಸಿದರೆ ಈ ಮಂಚ ಕಿರುಗುಟ್ಟುತ್ತದೆ, ಅಮ್ಮ ಎಚ್ಚರವಿದ್ದಾಳೆ ಎಂದು ಅವಳಿಗೆ ಗೊತ್ತಾಗುತ್ತದೆ. ಅದಕ್ಕೇ ಕಿಟಕಿಯ ಕಡೆ ಮುಖ ಮಾಡಿ, ಅವಳ ಉಸಿರು ನಿಧಾನವಾಗುವ ತನಕ, ಮಲಗಿದ ಹಾಗೇ ಮಲಗಿದ್ದೆ.